ಒದ್ದೆ ಗೋಣಿ, ವಾರಂಟಿ ಕಾಗದ

“ಭಾನು, ಇದನ್ನ ನೀನೇನಾರ ಮಾಡಿದ್ಯಾ?”

ಅನಂತರಾಜು ಲ್ಯಾಪ್‌ಟಾಪಿನ ‘ಎ’ ಕೀಯನ್ನು ಒತ್ತಿ ಒತ್ತಿ ಸುಸ್ತಾಗಿದ್ದ. ಇಂಗ್ಲಿಷಿನಲ್ಲಿ ತನ್ನ ಹೆಸರು ಟೈಪ್ ಮಾಡಿದರೆ ಇದ್ದ ನಾಲ್ಕು ‘ಎ’ಗಳಲ್ಲಿ ಒಂದೂ ಬೀಳುತ್ತಿರಲಿಲ್ಲ. ಪಕ್ಕದ ‘ಎಸ್’ ತನಗೆ ಮನಸ್ಸು ಬಂದಾಗ ಮಾತ್ರ ಬೀಳುತ್ತಿತ್ತು.

“ಇಲ್ಲ ಕಣಣ್ಣ. ಭಾನ್ವಾರ ಒಸಿ ಗೇಮ್ ಆಡಿದ್ದೆ ಅಷ್ಟೆ,” ಎನ್ನುತ್ತ ಭಾನುಪ್ರಿಯ ಐದನೇ ಕ್ಲಾಸಿನ ಸೈನ್ಸ್ ಪುಸ್ತಕದಲ್ಲಿ ಮುಖ ಹುದುಗಿಸಿದಳು.

ಅಣ್ಣನದು ಡಿಪ್ಲೊಮಾ ಕೊನೆಯ ವರ್ಷ. ಬಿಡದಿಯ ಫ್ಯಾಕ್ಟರಿಯೊಂದರಲ್ಲಿ ಒಂದು ತಿಂಗಳ ಟ್ರೈನಿಂಗ್ ಮುಗಿಸಿ ಬಂದು ಅದರ ರಿಪೋರ್ಟ್ ಬರೆಯುತ್ತಿದ್ದ. ರೇಷ್ಮೆ ಹುಳು ಮನೆಗೆ ಸೊಪ್ಪು ಹೊರುತ್ತಿದ್ದ ಅಪ್ಪನನ್ನು ಕೂಗಿ ನಿಲ್ಲಿಸಿದ.

“ಅಪ್ಪ, ಈ ಪೀಸೇ ಸರಿ ಇಲ್ಲ. ವರ್ಷ ತುಂಬಕ್ಕೆ ಇನ್ನೂ ಹತ್ತು ದಿನ ಐತೆ, ಆಗ್ಲೇ ಕೀ ಹೋಗೈತೆ. ಇದನ್ನೇನೋ ಈಗಿನ ವಾರಂಟೀಲೇ ಮಾಡ್ಸಬೋದು. ನಾಳೆ ಇನ್ನೊಂದು ಕೈಕೊಟ್ರೆ? ಅಂಗಡಿಯೋರು ಯೋಳಿದ್ರಲ್ಲ, ಎಕ್ಸ್‌ಟೆಂಡೆಡ್ ವಾರಂಟಿ, ಅದನ್ನ ತಗಂಬುಡಾಣ. ನಾಲ್ಕು ಸಾವ್ರ ಕೊಟ್ರೆ ಇನ್ನೆರಡು ವರ್ಷ ತಲೆನೋವಿರಲ್ಲ.”

ಜಗುಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದ ಅಜ್ಜಿ ಕೆಂಚಮ್ಮ ಕಿವಿ ನಿಮಿರಿಸಿದಳು. “ವಾರಂಟಿ ಅಂದ್ರೆ ಏನ್ಲಾ ದೇವರಾಜ?” ಎಂದು ಅಪ್ಪನನ್ನು ಕೇಳಿದಳು.

“ನಮ್ಗೆ ಮರಿ ಹುಳ ಕೊಡೋ ನರಸಯ್ಯ ಅವ್ನಲ್ಲ, ಹಂಗೆ ಕಣವ್ವ. ಅವನು ಕೊಟ್ಟ ಹುಳದಲ್ಲೇ ಐಬಿದ್ರೆ ಬೇರೆ ಕೊಡ್ತಾನೆ. ನಾವೇ ನೆಂದ ಸೊಪ್ಪು ಹಾಕಿ ಹುಳ ಸಾಯ್ಸಿದ್ರೆ ಅವನ್ನ ಕೇಳಕ್ಕಾಯ್ತದಾ?”

‘ನೆಂದ’ ಎನ್ನುವ ಮಾತು ಕಿವಿಗೆ ಬಿದ್ದದ್ದೇ ಭಾನು ಪುಸ್ತಕವನ್ನು ಮುಖದ ಹತ್ತಿರಕ್ಕೆ ಇನ್ನಷ್ಟು ಎಳೆದುಕೊಂಡಳು.

ಭಾನುವಾರ ಎಲ್ಲರೂ ತೋಟಕ್ಕೆ ಹೋಗಿದ್ದಾಗ ಅವಳು ಎರಡು ಗಂಟೆ ಕಾರ್ ರೇಸ್ ಆಡಿದ್ದಳು. ಲ್ಯಾಪ್‌ಟಾಪಿನ ತಳ ದೋಸೆ ಕಾವಲಿಯಂತೆ ಕಾದು, ಒಳಗಿನ ಫ್ಯಾನು ಗುರ್ರೆನ್ನತೊಡಗಿತ್ತು. ಸುಟ್ಟೇ ಹೋಗುತ್ತದೇನೋ ಎಂದು ಅವಳಿಗೆ ಹೆದರಿಕೆಯಾಯಿತು. ಸೊಪ್ಪಿನ ಕೋಣೆಯಲ್ಲಿ ಹಿಪ್ಪುನೇರಳೆ ಸೊಪ್ಪಿಗೆ ಹೊದಿಸುವ ಒದ್ದೆ ಗೋಣಿ ಇತ್ತು. ಎಂಥ ಬಿಸಿಲಿದ್ದರೂ ಅದರಡಿಯಲ್ಲಿ ಸೊಪ್ಪು ಬಾಡದೆ ತಣ್ಣಗಿರುತ್ತದೆ. ಭಾನು ಲ್ಯಾಪ್‌ಟಾಪ್ ಆಫ್ ಮಾಡಿ, ಗೋಣಿಯನ್ನು ಹಿಂಡಿ, ಕೀಗಳ ಮೇಲೆ ಮೆತ್ತಗೆ ಹೊದಿಸಿದಳು. ಹಿಂಡಿದ್ದೇನೋ ನಿಜ. ಆದರೆ ಹತ್ತು ವರ್ಷದ ಕೈಗಳು ಅಷ್ಟು ದಪ್ಪ ಗೋಣಿಯನ್ನು ಎಷ್ಟೆಂದು ಹಿಂಡಿಯಾವು.

ಮಾರನೆಯ ದಿನ ಅಣ್ಣ ರಾಮನಗರದ ಅಂಗಡಿಯಿಂದ ವಾರಂಟಿಯ ಕಾಗದ ತಂದ. ಮೂರು ಹಾಳೆ, ಪೂರ್ತಿ ಇಂಗ್ಲಿಷ್. “ಎಲ್ಲಾ ಕಂಪ್ನೀದೂ ಒಂದೇ ಕಣಪ್ಪ, ಓದೋದೇನೈತೆ. ಸೈನ್ ಹಾಕಿಡು,” ಎಂದು ಹೇಳಿ ಫ್ರೆಂಡಿನ ಬೈಕು ಹತ್ತಿ ಪಕ್ಕದೂರು ಕೈಲಾಂಚಕ್ಕೆ ಹೋದ.

ಅಪ್ಪ ಹುಳುಗಳಿಗೆ ಸಂಜೆಯ ಸೊಪ್ಪು ಹಾಕಿ ಕೈ ತೊಳೆದು ಬಂದ. ಡಬ್ಬಿಯಿಂದ ದುಡ್ಡು ತೆಗೆದು ಜೇಬಿಗೆ ಹಾಕಿಕೊಂಡ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು ಹಳತಾಗಿ ಮುರಿದಿದ್ದವು. ಹೊಸವನ್ನು ಕೊಳ್ಳಲು ಎತ್ತಿಟ್ಟಿದ್ದ ದುಡ್ಡು ಅದು.

“ಬಾ ಮಗಾ, ಇದನ್ನ ಓದು. ಏನೈತೆ ಅಂತ ಗೊತ್ತಿಲ್ದೆ ಸೈನ್ ಹಾಕಕಿಲ್ಲ ನಾನು. ಇಂಗ್ಲಿಷ್ ಮೀಡಿಯಂ ಫೀಸು ಕಟ್ತಿರದು ಯಾಕೆ ಮತ್ತೆ?”

ಭಾನು ದೊಡ್ಡಕ್ಷರಗಳನ್ನು ಓದಿದಳು. ಎರಡು ವರ್ಷ. ಪಾರ್ಟ್ಸ್ ಫ್ರೀ. ಮನೆ ಬಾಗಿಲಿಗೇ ಸರ್ವಿಸ್. ಒಂದೊಂದಕ್ಕೂ ಅಪ್ಪ ತಲೆದೂಗಿದ.

ಕೊನೆಯ ಹಾಳೆಯ ಕೆಳಗೆ, ಇರುವೆ ಸಾಲಿನಂತೆ ಸಣ್ಣಕ್ಷರಗಳಿದ್ದವು. ಯಾವುದಕ್ಕೆಲ್ಲ ವಾರಂಟಿ ಇಲ್ಲ ಎನ್ನುವ ಪಟ್ಟಿ. ಅರ್ಧ ಪದಗಳು ಅವಳಿಗೆ ಗೊತ್ತಾಗಲಿಲ್ಲ. ‘ಲಿಕ್ವಿಡ್’ ಮಾತ್ರ ಚೆನ್ನಾಗಿ ಗೊತ್ತಿತ್ತು. ನೀರು, ಹಾಲು, ಸೀಮೆಎಣ್ಣೆ ಎಂದು ಉದಾಹರಣೆ ಬರೆದು ಟೆಸ್ಟಿನಲ್ಲಿ ಮೂರಕ್ಕೆ ಮೂರು ತೆಗೆದಿದ್ದಳು.

“ಮುಗೀತಾ?” ಅಪ್ಪ ಪೆನ್ನಿನ ಕ್ಯಾಪ್ ತೆಗೆದ. “ಸೈನ್ ಎಲ್ಲಿ ಹಾಕ್ಬೇಕು, ತೋರ್ಸು.”

ಮುಗೀತು ಎಂದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಅವಳು ಬೆರಳಿಟ್ಟ ಜಾಗದಲ್ಲಿ ಅಪ್ಪ ಕಣ್ಣು ಮುಚ್ಚಿಕೊಂಡು ಸೈನ್ ಹಾಕುತ್ತಾನೆ. ಅದನ್ನು ನೆನೆದೇ ಭಾನುವಿಗೆ ನಾಚಿಕೆಯಾಯಿತು.

“ಇನ್ನೊಸಿ ಐತಪ್ಪ. ಸಣ್ಣಕ್ಷರದಲ್ಲಿ.”

“ಓದು ಮತ್ತೆ.”

“ಬಿದ್ದು ಒಡೆದೋದ್ರೆ ವಾರಂಟಿ ಇಲ್ಲ. ಇಲಿ ಕಡಿದ್ರೆ ಇಲ್ಲ. ಒಳಕ್ಕೆ ನೀರು ಹೋದ್ರೂ ಇಲ್ಲ.” ಅವಳ ದನಿ ಇಳಿಯಿತು. “ನೀರು ಹೋಗೈತಪ್ಪ. ಬಿಸಿಯಾಗಿತ್ತು ಅಂತ ನಾನೇ ಒದ್ದೆ ಗೋಣಿ ಹೊದ್ಸಿದ್ದೆ.”

ಅಪ್ಪ ಪೆನ್ನು ಹಿಡಿದ ಕೈಯನ್ನು ಕೆಳಗಿಳಿಸಿದ. “ಲ್ಯಾಪ್‌ಟಾಪಿಗಾ?”

“ಹೂಂ.”

“ಸೊಪ್ಪಿಗೆ ಹಾಕೋ ಗೋಣಿನಾ?”

“ಹೂಂ.”

ಜಗುಲಿಯಿಂದ ಅಜ್ಜಿ ನಕ್ಕಿದ್ದು ಕೇಳಿಸಿತು. ಅಪ್ಪ ನಗಲಿಲ್ಲ. “ಮೊದ್ಲೇ ಯೋಳ್ಬಾರ್ದಾಗಿತ್ತಾ? ಪಾಪ, ಕೆಟ್ಟ ಮಾಲು ಕೊಟ್ಟ ಅಂತ ನೆನ್ನೆಯಿಂದ ನಾನು ಅಂಗಡಿಯೋನ್ನ ಬೈಕೊಂಡು ಓಡಾಡ್ತಾ ಇವ್ನಿ,” ಎಂದು ಪೆನ್ನಿನ ಕ್ಯಾಪ್ ಹಾಕಿದ.

ಅಣ್ಣ ವಿಷಯ ತಿಳಿದು, ನೀರು ಹೋಗಿದ್ದರೆ ಈಗಿರುವ ವಾರಂಟಿಯೂ ನಡೆಯುವುದಿಲ್ಲ ಎಂದು ಕೂಗಾಡಿದ. ಇನ್ನು ಲ್ಯಾಪ್‌ಟಾಪ್ ಹತ್ತಿರ ಸುಳಿಯಬೇಡ ಎಂದ.

ಶನಿವಾರ ಅಪ್ಪ ಅವಳನ್ನೂ ಬೈಕಿನಲ್ಲಿ ಕೂರಿಸಿಕೊಂಡು ರಾಮನಗರಕ್ಕೆ ಹೋದ. ರಿಪೇರಿ ಅಂಗಡಿಯ ಮುನಾವರ್ ಲ್ಯಾಪ್‌ಟಾಪ್ ಬಿಚ್ಚಿ, ‘ಎ’ ಕೀಯ ಕೆಳಗಿನಿಂದ ಚಿಮಟದಲ್ಲಿ ಒಂದು ಎಳೆ ತೆಗೆದು ಬೆಳಕಿಗೆ ಹಿಡಿದ. “ಇದೇನಣ್ಣ, ಒಳಗೆ ಗೋಣಿ ನಾರು?”

ಅಪ್ಪ ಭಾನುವಿನ ಕಡೆ ನೋಡಿದ. ಅವಳೇ ಎಲ್ಲವನ್ನೂ ಹೇಳಿದಳು. ಎರಡನೇ ಸಲ ಹೇಳುವಾಗ ಅಷ್ಟು ಕಷ್ಟವಾಗಲಿಲ್ಲ.

“ಕೀಬೋರ್ಡ್ ಬದಲಾಯ್ಸಬೇಕು. ಮಿಕ್ಕಿದ್ದೆಲ್ಲ ಚೆನ್ನಾಗೈತೆ,” ಎಂದ ಮುನಾವರ್. ಅಪ್ಪ ಹೊಸ ವಾರಂಟಿಯ ಕಾಗದ ತೋರಿಸಿ ಕೇಳಿದ್ದಕ್ಕೆ ತಲೆ ಕೆರೆದುಕೊಂಡ. “ನಿಮ್ಮಂಥ ಮನೇಲಿ ಮಿಷನ್ ಕೆಡೋದು ಇಲಿಯಿಂದ, ನೀರಿಂದ. ಈ ಕಾಗದದಲ್ಲಿ ಆ ಎರಡಕ್ಕೂ ವಾರಂಟಿ ಇಲ್ವಲ್ಲಣ್ಣ.”

“ಹಂಗಾರೆ ಅದು ಬ್ಯಾಡ ಬುಡು,” ಎಂದ ಅಪ್ಪ. ಕೀಬೋರ್ಡಿಗೆ ಕೊಟ್ಟು ಉಳಿದ ದುಡ್ಡಿಗೆ ನಾಲ್ಕರ ಬದಲು ಮೂರು ಚಂದ್ರಿಕೆ ಬಂದವು. ಮುರಿದ ಒಂದಕ್ಕೆ ಅಪ್ಪ ಹಗ್ಗ ಸುತ್ತುವಾಗ ಭಾನು ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಇನ್ನು ಮುಂದೆ ಅಪ್ಪ ಕಾಗದಗಳನ್ನು ಅಣ್ಣನ ಕೈಗೇ ಕೊಡುತ್ತಾನೆ ಎಂದು ಅವಳು ಅಂದುಕೊಂಡಿದ್ದಳು. ಹದಿನೈದು ದಿನ ಕಳೆದ ಮೇಲೆ ಹಸುವಿನ ಇನ್ಶೂರೆನ್ಸ್ ಕಾಗದ ಬಂತು. ಅಣ್ಣ ಅಲ್ಲೇ ಟೈಪ್ ಮಾಡುತ್ತಾ ಕೂತಿದ್ದ. ಅಪ್ಪ ಅವನನ್ನು ದಾಟಿ ಬಂದು ಭಾನುವಿನ ಎದುರು ಚಾಪೆಯ ಮೇಲೆ ಕುಳಿತ.

“ಓದು ಮಗಾ.”

ಭಾನು ಕಾಗದ ತೆಗೆದುಕೊಂಡಳು. ಮೊದಲ ಹಾಳೆಯನ್ನು ಮಗುಚಿದಳು, ಎರಡನೆಯದನ್ನೂ ಮಗುಚಿದಳು. ಕೊನೆಯ ಹಾಳೆಯ ಕೆಳಗಿನ ಸಣ್ಣಕ್ಷರಗಳ ಮೇಲೆ ಬೆರಳಿಟ್ಟು, ಅಲ್ಲಿಂದಲೇ ಓದಲು ಶುರುಮಾಡಿದಳು.

ಅಪ್ಪ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಗೋಡೆಗೆ ಒರಗಿ ಕೇಳುತ್ತಾ ಕೂತ.