ಉಪ್ಪು ನೋಡಿದ್ದು ಯಾರು?

ದೇಗಿನ ಮುಚ್ಚಳ ತೆಗೆಯುವ ಮೊದಲು ಅಲ್ಲಿ ಯಾರೂ ಮಾತಾಡುವುದಿಲ್ಲ.

ಭಾನುವಾರ ಬೆಳಿಗ್ಗೆ ಏಳು ಗಂಟೆ. ಆರ್.ಟಿ. ನಗರದ ಸರ್ದಾರ್ ಹೋಟೆಲಿನ ಮುಂದೆ ಅರವತ್ತು ಜನರ ಸಾಲು. ಒಲೆಯ ಮೇಲೆ ಬಿರಿಯಾನಿಯ ದೇಗ್. ಇಬ್ಬರು ಸೇರಿದರೂ ತಬ್ಬಿಕೊಳ್ಳಲಾಗದಂಥ ತಾಮ್ರದ ಹಂಡೆ. ಮುಚ್ಚಳದ ಸುತ್ತ ಗೋಧಿಹಿಟ್ಟು ಮೆತ್ತಿ ಬಿಗಿದಿದ್ದರು. ಹಿಟ್ಟು ಬೆಂದು ಕಂದು ಬಣ್ಣಕ್ಕೆ ತಿರುಗಿತ್ತು.

ಎಪ್ಪತ್ತು ದಾಟಿದ ಅಡುಗೆಯವರು, ಉಸ್ತಾದ್ ರಹಮತುಲ್ಲಾ, ಮುಚ್ಚಳಕ್ಕೆ ಕಿವಿ ಆನಿಸಿದರು. ಬಾವಿಯೊಳಗಿನ ನೀರಿನ ಸದ್ದಿಗೆ ಕಿವಿಗೊಟ್ಟವರ ಹಾಗೆ ನಿಂತರು. ಅವರು ತಲೆಯಾಡಿಸಿದರು. ಹಿಟ್ಟು ಚಟ್ಟೆಂದು ಒಡೆಯಿತು. ಹಬೆ ಛಾವಣಿಗೆ ಏರಿತು.

ನನ್ನ ಪಕ್ಕದಲ್ಲಿ ದೊಡ್ಡವ್ವ ಎರಡೂ ಕೈ ಜೋಡಿಸಿದ್ದಳು. ಹುಟ್ಟಿದಾಗಿನಿಂದ ಮಾಂಸ ಮುಟ್ಟದವಳು!

ಸಾಲಿನಲ್ಲಿ ಮೊದಲು ನಿಂತವರಿಗೆ ಮೊದಲ ತಟ್ಟೆ. ಅವರು ಒಂದು ತುತ್ತು ಬಾಯಿಗಿಟ್ಟರು. ಮುಖ ಕಿವುಚಿ ಪಕ್ಕಕ್ಕೆ ಉಗಿದರು.

"ಥೂ! ಉಪ್ಪು ಕಣ್ರೀ! ಬರೀ ಉಪ್ಪು!"

ಮಾಲೀಕ ಸರ್ದಾರ್ ಗಲ್ಲಾ ಬಿಟ್ಟು ಓಡಿ ಬಂದರು. ಮೇಲಿನ ಅನ್ನ ತಿಂದರು. ನಡುವಿನದು ತಿಂದರು. ತಳದ್ದು ತಿಂದರು. ಆಮೇಲೆ ನೇರವಾಗಿ ಸಹಾಯಕ ಅಡುಗೆಯವನ ಹತ್ತಿರ ಹೋಗಿ ಕೆನ್ನೆಗೆ ಹೊಡೆದರು.

ಅವನ ಹೆಸರು ಅಜ್ಜು. ಮೂವತ್ತೈದರ ಗಂಡಸು. ಕೆನ್ನೆ ಮುಟ್ಟಿಕೊಳ್ಳಲಿಲ್ಲ. ನೆಲ ನೋಡುತ್ತ ನಿಂತ.

"ಬೇಕಂತ ಮಾಡಿದ್ದೀಯ. ಇವತ್ತಿಗೆ ಮುಗೀತು. ಆರ್.ಟಿ. ನಗರದಲ್ಲಿ ಯಾವ ಅಡುಗೆಮನೇಲೂ ನೀನು ಸೌಟು ಹಿಡೀಬಾರ್ದು, ಹಂಗ್ ಮಾಡ್ತೀನಿ."

ಮತ್ತೆ ಕೈ ಎತ್ತಿದರು.

"ನಿಂದರ್ರಿ," ಎಂದಳು ದೊಡ್ಡವ್ವ.

*

ದೊಡ್ಡವ್ವ ಎಂದರೆ ಚಂದ್ರವ್ವ, ನನ್ನ ಅವ್ವನ ಅಕ್ಕ. ಗದಗಿನಲ್ಲಿ ಇಪ್ಪತ್ತೆರಡು ವರ್ಷದಿಂದ ಖಾನಾವಳಿ ನಡೆಸುತ್ತಾಳೆ. ನಾನು ವಿರೂಪಾಕ್ಷ, ಗಂಗಾನಗರದಲ್ಲಿ ಒಂದು ರೂಮು, ಒಂದು ಕಾಲೇಜಿನ ಕಚೇರಿಯಲ್ಲಿ ಕೆಲಸ. ಎರಡು ದಿನಕ್ಕೆಂದು ಅವಳು ಯಶವಂತಪುರದಲ್ಲಿ ರೈಲಿಳಿದಾಗ ಮೊದಲು ಹೇಳಿದ್ದು ಇಷ್ಟೇ: "ಗುಡಿ ಗುಂಡಾರ ಏನೂ ಬ್ಯಾಡ. ಇಷ್ಟು ದೊಡ್ಡ ಊರು ಹ್ಯಾಂಗ ಉಣತೈತಿ, ಅದನ್ನ ತೋರಸು."

ಶನಿವಾರ ಪೂರ್ತಿ ತೋರಿಸಿದೆ. ಯಶವಂತಪುರದಲ್ಲಿ ತಟ್ಟೆ ಇಡ್ಲಿ. ಯಲಹಂಕದಲ್ಲಿ ಬೆಣ್ಣೆ ಮಸಾಲೆ. ಹೆಬ್ಬಾಳದ ಕೆರೆ ಹತ್ತಿರ ಸುಟ್ಟ ಜೋಳ. ಎಲ್ಲ ಕಡೆಯೂ ಅವಳು ತಟ್ಟೆಗಿಂತ ಹೆಚ್ಚು ನೋಡಿದ್ದು ಅಡುಗೆಮನೆಯ ಕಿಟಕಿಯನ್ನು. ಒಂದೇ ಬೆಳಿಗ್ಗೆ ಸಾವಿರ ಇಡ್ಲಿ ಇಳಿಸುವವನ ಕೈ ನೋಡಿ, "ಯಪ್ಪಾ, ಇದು ಕೈಯೋ ಏನು ಯಂತ್ರವೋ!" ಎಂದಳು.

ಸಂಜೆ ಚಹಾಕ್ಕೆ ಸರ್ದಾರ್ ಹೋಟೆಲು. ಅಲ್ಲಿ ಮೂರು ಸಣ್ಣ ಸಂಗತಿ ನಡೆದವು. ನಾನೂ ಕಂಡೆ. ಕಂಡು ಬಿಟ್ಟೆ. ಅವಳು ಮನಸ್ಸಿನಲ್ಲಿ ಇಟ್ಟುಕೊಂಡಳು.

ಒಂದನೆಯದು, ಚಹಾ ಮಾಡುವ ಪಂಚಪ್ಪ ಆವತ್ತು ಸಕ್ಕರೆ ಹಾಕುವುದನ್ನೇ ಮರೆತಿದ್ದ. "ಏನ್ ಗುರು, ಮನೇಲಿ ಜಗಳಾನಾ?" ಎಂದು ಎಲ್ಲರೂ ಕಪ್ಪು ವಾಪಸು ಕೊಟ್ಟರು. ಮೂಲೆಯಲ್ಲಿ ಕೂತಿದ್ದ ಉಸ್ತಾದ್ ಮಾತ್ರ ಕೊನೆಯ ಹನಿಯವರೆಗೆ ಕುಡಿದು ಎದ್ದು ಹೋದರು.

ಆಮೇಲೆ ಸಕ್ಕರೆ ಬಿದ್ದ ಚಹಾ ಬಂತು; ದೊಡ್ಡವ್ವ ಕುಡಿದು ಮುಗಿಸಿ ಕಪ್ಪನ್ನು ಬಸಿಯ ಮೇಲೆ ಬೋರಲು ಹಾಕಿದಳು. ನಮ್ಮ ಕಡೆ ಅದರರ್ಥ ಸಾಕು, ಮತ್ತೆ ಹಾಕಬೇಡಿ ಎಂದು. ಸರ್ದಾರ್ ಗಲ್ಲಾದಿಂದ ಎದ್ದು ಬಂದು ಕಪ್ಪನ್ನು ನೆಟ್ಟಗೆ ಮಾಡಿ ಹೋದರು. ಅವಳು ಮತ್ತೆ ಬೋರಲು ಹಾಕಿದಳು. ಅವರು ಮತ್ತೆ ಬಂದರು. "ಈ ಮನಷ್ಯಾಗ ಎಲ್ಲಾ ನೆಟ್ಟಗ ಇರಬೇಕು ನೋಡು," ಎಂದು ನಕ್ಕಳು.

ಮೂರನೆಯದು ಅಡುಗೆಮನೆಯಲ್ಲಿ. ಉಸ್ತಾದ್ ಸಾರಿಗೆ ಉಪ್ಪು ಹಾಕಿದರು. ಅಜ್ಜು ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿದ. ಸೌಟಿನಿಂದ ಪಾತ್ರೆಯ ಅಂಚಿಗೆ ಎರಡು ಸಲ ಬಡಿದ. ಸೌಟನ್ನು ಅಂಚಿನ ಮೇಲೆ ಬೋರಲು ಇಟ್ಟ. ಉಸ್ತಾದ್ ಮುಂದಿನ ಪಾತ್ರೆಗೆ ನಡೆದರು.

"ಒಂದ ಮಾತಿಲ್ಲ ತಮ್ಮಾ," ಎಂದು ದೊಡ್ಡವ್ವ ಪಿಸುಗುಟ್ಟಿದಳು. "ನಾ ಇಪ್ಪತ್ತೆರಡು ವರ್ಷ ಒದರಿ ಒದರಿ ಅಡಗಿ ಮಾಡೇನಿ. ಇವರು ದೇವರಮನ್ಯಾಗ ಇದ್ದಂಗ ಅದಾರ. ನಾಳೆ ಆ ಹಂಡೆ ತಗಿಯೂದು ನೋಡಿಯೇ ಊರಿಗೆ ಹೋಗತೀನಿ."

*

"ಅಮ್ಮಾ, ನೀವು ಇದ್ರಲ್ಲಿ ಬರ್ಬೇಡಿ," ಎಂದರು ಸರ್ದಾರ್.

"ನಾನೂ ಒಲಿ ಮುಂದ ನಿಂತ ಹೆಂಗಸು. ಎರಡು ಮಾತು ಕೇಳತೀನಿ, ಆಮ್ಯಾಲೆ ನಿಮ್ಮ ಮನಸ್ಸು. ಇವನ ಮ್ಯಾಲೆ ಯಾಕ ಸಂಶೆ?"

"ಜಾಫರ್ ಕೊಡಿಗೇಹಳ್ಳೀಲಿ ಹೊಸ ಹೋಟೆಲ್ ತೆಗೀತಾ ಇದ್ದಾನೆ. ಶುಕ್ರವಾರ ಇವ್ನು ಅವನ ಜೊತೆ ಗುಸುಗುಸು ಮಾಡ್ತಿದ್ದ. ನನ್ ಹೆಸರು ಕೆಡ್ಸೋಕೆ ಇದಕ್ಕಿಂತ ಸುಲಭ ಯಾವ್ದಿದೆ?"

ಸಾಲಿನಲ್ಲಿ ಏಳನೆಯವನಾಗಿ ನಿಂತಿದ್ದ ದಪ್ಪ ಮನುಷ್ಯ ಕೈ ಎತ್ತಿದ.

"ಭಾಯ್, ನಾನಿಲ್ಲೇ ಇದ್ದೀನಿ. ಪ್ರತಿ ಭಾನುವಾರ ಇಲ್ಲೇ ತಿನ್ನೋನು ನಾನು. ನನ್ ತಟ್ಟೆಗೆ ನಾನೇ ಉಪ್ಪು ಹಾಕಿಸ್ತೀನಾ?"

ಜನ ನಕ್ಕರು. ಸರ್ದಾರ್ ನಗಲಿಲ್ಲ.

"ಇವನ್ನ ಕೆಲ್ಸಕ್ಕೆ ಕರೆದಿದ್ಯೋ ಇಲ್ವೋ?"

"ಕರೆದೆ. ಇಲ್ಲ ಅನ್ನಲ್ಲ. ಡಬಲ್ ಸಂಬಳ ಅಂದೆ. ಬರಲ್ಲ ಅಂದ."

"ಯಾಕ ಅಂದ?" ದೊಡ್ಡವ್ವ ಕೇಳಿದಳು.

"ಅದನ್ನ ಹೇಳ್ಲಿಲ್ಲ. ಹಿಂಗೇ ನೆಲ ನೋಡ್ಕೊಂಡು ನಿಂತಿದ್ದ."

ಅಜ್ಜು ಈಗಲೂ ನೆಲ ನೋಡುತ್ತಿದ್ದ.

"ಮಟನ್ನು ಉಪ್ಪೈತೇನ್ರಿ?" ಎಂದಳು ದೊಡ್ಡವ್ವ.

ಸರ್ದಾರ್ ಒಂದು ತುಂಡು ಒರೆಸಿ ತಿಂದು ನೋಡಿದರು. "ಇಲ್ಲ. ಅದು ಸರಿಯಾಗೇ ಇದೆ. ಅನ್ನ ಮಾತ್ರ. ಅಗುಳಿನ ಒಳಗೂ ಉಪ್ಪು."

"ಹಂಗಾದ್ರ ದೇಗಿಗೆ ಯಾರೂ ಏನೂ ಹಾಕಿಲ್ಲ. ಅಕ್ಕಿ ಕುದಸೂ ನೀರಿನ್ಯಾಗ ಬಿದ್ದೈತಿ. ಆ ನೀರಿನ ಹತ್ರ ಯಾರಿದ್ರು?"

"ಇವ್ನೇ! ಉಸ್ತಾದ್ ನಮಾಜಿಗೆ ಹೋಗಿದ್ರು. ಹತ್ತು ನಿಮಿಷ ಇವನೊಬ್ನೇ ಇದ್ದ. ಅಷ್ಟ್ರಲ್ಲಿ ಪುದೀನ ಬಂದಿಲ್ಲ ಅಂತ ಗೊತ್ತಾಯ್ತು, ಯಶವಂತಪುರ ಮಾರ್ಕೆಟ್ಟಿಗೆ ನಾನೇ ಇವನ್ನ ಆಟೋ ಹತ್ಸಿದೆ."

"ಆಮ್ಯಾಲೆ?"

"ಉಸ್ತಾದ್ ಬಂದ್ರು. ಮೂರು ಮುಷ್ಟಿ ಉಪ್ಪು ಹಾಕಿದ್ರು. ಯಾವತ್ತೂ ಮೂರೇ. ಅಕ್ಕಿ ಬಿಟ್ರು. ಇವ್ನು ಪುದೀನ ತರೋಷ್ಟ್ರಲ್ಲಿ ಅನ್ನ ಬಸಿದಾಗಿತ್ತು."

"ನೀರಿನ ಉಪ್ಪು ನೋಡಿದ್ರೇನು?"

"ನೋಡಿದ್ರು. ನಾನು ಎದುರಿಗೇ ನಿಂತಿದ್ದೆ. ಒಂದು ಗುಟುಕು ಕುಡಿದು ತಲೆ ಆಡ್ಸಿದ್ರು."

ಹೇಳಿ ಮುಗಿಸಿದ ಮೇಲೆ ಸರ್ದಾರ್ ಉಸ್ತಾದರತ್ತ ಒಮ್ಮೆ ನೋಡಿದರು. ಉಪ್ಪು ಮೊದಲೇ ಬಿದ್ದಿದ್ದರೆ ಆ ಗುಟುಕಿಗೆ ಗೊತ್ತಾಗಬೇಕಿತ್ತು. ಸರ್ದಾರರಿಗೂ ಅದು ಹೊಳೆದಿರಬೇಕು. ಆದರೆ ನಲವತ್ತು ವರ್ಷದಿಂದ ಅಡುಗೆ ಮಾಡುತ್ತಿದ್ದ ಉಸ್ತಾದರ ಮೇಲೆ ಆ ಯೋಚನೆಯನ್ನು ಹೊರಿಸಲು ಅವರಿಗೆ ಧೈರ್ಯ ಬರಲಿಲ್ಲ.

"ಇನ್ನೊಂದು ಮಾತು," ಎಂದಳು ದೊಡ್ಡವ್ವ. "ಇವ ಹೋದ ಮ್ಯಾಲೆ ಆ ಪಾತ್ರಿ ಅಂಚಿನ ಮ್ಯಾಲೆ ಸೌಟು ಬೋರಲ ಇತ್ತೇನ್ರಿ?"

"ಇತ್ತು. ಹಂಗಿಟ್ರೆ ಬೀಳುತ್ತೆ ಅಂತ ತೊಳೆದು ಮೊಳೆಗೆ ಹಾಕ್ದೆ. ಯಾಕೆ?"

ಅಜ್ಜು ಮೊದಲ ಸಲ ತಲೆ ಎತ್ತಿದ. ಸರ್ದಾರರನ್ನು ನೋಡಿದ. ಆಮೇಲೆ ಗೋಡೆಯ ಮೊಳೆಯನ್ನು ನೋಡಿದ.

*

ದೊಡ್ಡವ್ವ ಉಸ್ತಾದರ ಹತ್ತಿರ ಹೋದಳು. ಅವರು ದೇಗಿನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಅವಳು ದನಿ ತಗ್ಗಿಸಿದಳು. ನನಗೆ, ಸರ್ದಾರರಿಗೆ, ಕೆಟಲ್ ಹಿಡಿದ ಪಂಚಪ್ಪನಿಗೆ ಮಾತ್ರ ಕೇಳುವಷ್ಟು.

"ಅಣ್ಣಾರ, ನಿನ್ನೆ ಸಂಜಿ ಚಾ ಹ್ಯಾಂಗಿತ್ರಿ?"

"ಚೆನ್ನಾಗಿತ್ತಮ್ಮ. ಪಂಚಪ್ಪನ ಕೈ ಅಲ್ವಾ."

"ಸಕ್ರಿ?"

"ಬರಾಬರ್ ಇತ್ತು."

ಪಂಚಪ್ಪ ಬಾಯಿ ತೆರೆದ. ದೊಡ್ಡವ್ವ ಅವನತ್ತ ಒಮ್ಮೆ ನೋಡಿದಳು. ಅವನು ಬಾಯಿ ಮುಚ್ಚಿದ.

"ಉಳದಿದ್ದು ನೀವ ಹೇಳ್ರಿ," ಎಂದಳು. "ನಾ ಹೇಳಿದ್ರ ಅದು ಚಾಡಿ ಆಗತೈತಿ."

ಉಸ್ತಾದರು ತಮ್ಮ ಅಂಗೈ ನೋಡಿಕೊಂಡರು. ಆಮೇಲೆ ಎದ್ದು ನಿಂತರು. ಸಾಲಿಗೆಲ್ಲ ಕೇಳುವ ಹಾಗೆ ಹೇಳಿದರು.

"ನನಗೆ ರುಚಿ ಗೊತ್ತಾಗಲ್ಲ. ಎರಡು ವರ್ಷ ಆಯ್ತು. ಜ್ವರ ಬಂತು, ಹೋಯ್ತು. ಹೋಗ್ತಾ ವಾಸನೆ, ರುಚಿ ಎರಡೂ ತಗೊಂಡು ಹೋಯ್ತು. ಉಪ್ಪೂ ಅಷ್ಟೇ, ಸಕ್ಕರೇನೂ ಅಷ್ಟೇ. ಕಾಗದ ಅಗಿದ ಹಾಗೆ."

"ಉಸ್ತಾದ್..." ಎಂದರು ಸರ್ದಾರ್.

"ಯಾರಿಗೂ ಹೇಳ್ಲಿಲ್ಲ. ಅಜ್ಜುಗೂ ಹೇಳ್ಲಿಲ್ಲ. ಅವನೇ ಕಂಡುಕೊಂಡ. ಒಂದಿನ ಸುಮ್ನೆ ಬಂದು ಉಪ್ಪು ನೋಡಿ ಎರಡು ಸಲ ಬಡಿದ. ಸಾಕು ಅಂತ. ಒಂದು ಸಲ ಬಡಿದ್ರೆ ಇನ್ನೂ ಬೇಕು. ಅವತ್ತಿಂದ ಅವನೇ ನನ್ ನಾಲಿಗೆ."

ಸೌಟಿನ ವಿಷಯ ದೊಡ್ಡವ್ವ ಬಿಡಿಸಿ ಹೇಳಿದಳು. "ಇವತ್ತು ಇವನ್ನ ಅವಸರದಾಗ ಮಾರ್ಕೆಟ್ಟಿಗೆ ಕಳಿಸಿದ್ರಿ. ಉಸ್ತಾದರೊಬ್ಬರಿಗೇ ಬಿಟ್ರ ಹ್ಯಾಂಗಂತ ಇವನೇ ಮೂರು ಮುಷ್ಟಿ ಹಾಕಿ, ಉಪ್ಪು ಆಗೈತಿ ಅನ್ನೂ ಗುರುತಿಗೆ ಸೌಟು ಬೋರಲ ಇಟ್ಟ. ನೀವು ಆ ಗುರುತು ತಗದು ಮೊಳಿಗೆ ಹಾಕಿದ್ರಿ. ಉಸ್ತಾದರು ಬಂದು ಮತ್ತ ಮೂರು ಹಾಕಿದ್ರು. ನೀವು ಎದುರಿಗೆ ನಿಂತಿದ್ರಿ. ರುಚಿ ನೋಡಿದಂಗ ಮಾಡಲೇಬೇಕಾತು. ನಿನ್ನಿ ಸಕ್ರಿ ಇಲ್ಲದ ಚಾ ಅವರು ಪೂರಾ ಕುಡದಾಗ ನನಗ ಸಂಶೆ ಬಂದಿತ್ತು. ಡಬಲ್ ಪಗಾರ ಬ್ಯಾಡ ಅಂದವ ಯಾರನ್ನ ಬಿಟ್ಟು ಹೋಗಲಾರದೆ ಹಂಗಂದ ಅಂತ ಈಗ ತಿಳೀತು."

"ಉಪ್ಪು ಹೆಚ್ಚಾಗಿದ್ದು ತಪ್ಪಲ್ಲ," ಎಂದರು ಉಸ್ತಾದ್. "ಅವನಿಗೆ ಹೊಡೆದಾಗ ನಾನು ಬಾಯಿ ಬಿಡ್ಲಿಲ್ಲ. ತಪ್ಪು ಅದು. ಕೆಲ್ಸ ಹೋಗುತ್ತೆ ಅಂತ ಹೆದರಿದೆ. ಮಾಫ್ ಮಾಡು ಬೇಟಾ."

ನಾನು ಆ ದೇಗನ್ನೇ ನೋಡುತ್ತಿದ್ದೆ. ಎರಡು ವರ್ಷ. ನೂರಕ್ಕೂ ಹೆಚ್ಚು ಭಾನುವಾರ. ಇಷ್ಟು ಜನ ಕಾದು ತಿಂದ ರುಚಿಯ ಒಂದು ಅಗುಳನ್ನೂ ಅದನ್ನು ಮಾಡಿದವರು ಕಂಡಿರಲಿಲ್ಲ. ಕಿವಿಯಿಂದ, ಕೈಯಿಂದ, ಇನ್ನೊಬ್ಬನ ಎರಡು ಬಡಿತದಿಂದ ಅದು ಹುಟ್ಟುತ್ತಿತ್ತು.

ಸಾಲಿನಿಂದ ಜಾಫರ್ ಕೂಗಿದ. "ಸರ್ದಾರ್ ಭಾಯ್, ಹಸಿವಾಗ್ತಿದೆ. ನಿಂತ್ಕೊಂಡೇ ಇರ್ಬೇಕಾ?"

"ಉಪ್ಪಿಲ್ಲದ ಅನ್ನ ಬಸೀರಿ," ಎಂದಳು ದೊಡ್ಡವ್ವ. "ಅರ್ಧಕ್ಕರ್ಧ ಬೆರಸ್ರಿ. ಸರಿ ಹೋಗತೈತಿ."

ಸರ್ದಾರ್ ಗೋಡೆಯ ಹತ್ತಿರ ಹೋದರು. ಮೊಳೆಯಿಂದ ಸೌಟು ತೆಗೆದರು. ಅಜ್ಜುವಿನ ಮುಂದೆ ಬಂದು ನಿಂತರು. ಸೌಟನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದರು.

*

ಮುಕ್ಕಾಲು ಗಂಟೆಯಲ್ಲಿ ಹೊಸ ಅನ್ನ ಬೆರೆಯಿತು. ಅಜ್ಜು ಅಂಗೈಗೆ ನಾಲ್ಕು ಅಗುಳು ಹಾಕಿಕೊಂಡ. ಬಾಯಿಗಿಟ್ಟ. ರಸ್ತೆಯ ಬಸ್ಸಿನ ಹಾರ್ನ್ ಕೂಡ ದೂರದ್ದು ಅನಿಸಿತು.

ಠಣ್. ಠಣ್.

ಉಸ್ತಾದ್ ತಲೆಯಾಡಿಸಿದರು. ಈ ಸಲ ಏನನ್ನೂ ಬಾಯಿಗೆ ಇಟ್ಟುಕೊಳ್ಳಲಿಲ್ಲ. ಹೊರಗೆ ಯಾರೋ ಚಪ್ಪಾಳೆ ಹೊಡೆದರು.

ದೊಡ್ಡವ್ವ ಬೆಂಚಿನ ಮೇಲೆ ಕೂತು ಚಹಾ ಮುಗಿಸಿದಳು. ಸಕ್ಕರೆ ಸರಿಯಾಗಿತ್ತು. ಕಪ್ಪನ್ನು ಬಸಿಯ ಮೇಲೆ ಬೋರಲು ಹಾಕಿದಳು.

ತಟ್ಟೆಗಳನ್ನು ಹಿಡಿದು ಹೋಗುತ್ತಿದ್ದ ಸರ್ದಾರ್ ನಿಂತರು. ಕೈ ತಾನಾಗಿ ಕಪ್ಪಿನ ಕಡೆ ಬಂತು. ಅರ್ಧ ದಾರಿಯಲ್ಲಿ ನಿಂತಿತು.

"ಹಿಂಗಿಟ್ರೆ ಏನರ್ಥ ಅಮ್ಮಾ?" ಎಂದು ಕೇಳಿದರು.