ಬೀಪ್‌ಗೆ ಕಾಯುವವನು

"ಒತ್ತಿ! ಒತ್ತಿ ಮಾರಾಯ್ರೆ, ಎಂತ ನೋಡುದು?"

ಪರದೆಯ ಮೇಲೆ ಎಡಕ್ಕೆ ತಿರುಗಿದ ಬಾಣವಿತ್ತು. ಗಿರಿಧರನ ಬೆರಳು ಎಡಗಡೆಯ ಬಟನ್ನಿಗೆ ತಾಗಿಯೂ ತಾಗದಂತೆ ನಿಂತಿತ್ತು. ಒತ್ತಬೇಡ ಎಂಬ ಸೂಚನೆಯ ಬೀಪ್ ಕೇಳಿತು. ಅವನು ಬೆರಳನ್ನು ಹಿಂದೆಳೆದುಕೊಂಡು, ಗೆದ್ದವನಂತೆ, ಪ್ರಯೋಗ ನಡೆಸುತ್ತಿದ್ದ ಸಮನ್ವಿತಾಳ ಕಡೆ ನೋಡಿದ.

ಅವಳು ಪ್ರೋಗ್ರಾಂ ನಿಲ್ಲಿಸಿಬಿಟ್ಟಳು.

"ಯಾಕೆ ಡಾಕ್ಟ್ರೆ? ಒಂದೂ ತಪ್ಪಿಲ್ಲ."

"ಅದೇ ಕರ್ಮ. ಕಾದು ಕೂತ್ರೆ ಯಾರು ಬೇಕಾದ್ರೂ ನಿಲ್ಸಿಯಾರು. ಬಾಣ ಕಂಡ ಕೂಡ್ಲೆ ಬೆರಳು ಹೊರಡ್ಬೇಕು. ಹೊರಟ ಬೆರಳನ್ನು ತಡೀಲಿಕ್ಕೆ ಮಿದುಳಿಗೆ ಎಷ್ಟು ಹೊತ್ತು ಬೇಕು? ನಾನು ಅಳೆಯುದು ಅದನ್ನು. ನೀವು ಹೊರಡುದೇ ಇಲ್ಲ!"

"ತಪ್ಪಿದ್ರೆ?"

"ತಪ್ಪಬೇಕು. ಅರ್ಧಕ್ಕರ್ಧ ತಪ್ಪಬೇಕು. ಇಲ್ಲದಿದ್ರೆ ಲೆಕ್ಕ ಸಿಗುದಿಲ್ಲ."

"ನನ್ನ ಕೆಲ್ಸದಲ್ಲಿ ತಪ್ಪಿದ್ರೆ ಸೀದಾ ಆಸ್ಪತ್ರೆ."

ಅವನ ಕೆಲಸ ಅವಳಿಗೆ ಗೊತ್ತಿತ್ತು. ಸುಳ್ಯದಲ್ಲಿ ಕಾರು ಕಲಿಸುವವನು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಡೆಯ ಇನ್ನೊಂದು ಬ್ರೇಕಿನ ಮೇಲೆ ಸದಾ ಪಾದ ತೂಗಿಸಿಕೊಂಡಿರುವವನು. ಕಳೆದ ಮಳೆಗಾಲದಲ್ಲಿ ಅವಳೂ ಅವನ ಬಳಿಯೇ ಕಲಿತಿದ್ದಳು.

"ಪೈಚಾರಿನ ತಿರುವಿನಲ್ಲಿ ನಾನು ಬ್ರೇಕ್ ತುಳಿಯುವ ಮೊದ್ಲೇ ನೀವು ತುಳಿದಾಗಿತ್ತು. ಲೈಸೆನ್ಸ್ ಕೊಡ್ಬೇಕಾದ್ದು ನಂಗಲ್ಲ, ನಿಮ್ಮ ಕಾಲಿಗೆ."

"ನಿಮ್ಮೆದುರು ಲಾರಿ ಇತ್ತು!"

"ಲಾರಿ ಪುತ್ತೂರಿನಲ್ಲಿತ್ತು!"

ಸಿಟ್ಟು ಬಂದಾಗ ಅವಳ ಮೂಗಿನ ತುದಿ ಕೆಂಪಾಗುತ್ತಿತ್ತು. ಮಳೆಗಾಲವಿಡೀ ಅವನು ಅದನ್ನು ಕಾರಿನ ಕನ್ನಡಿಯಲ್ಲಿ, ಒಂದು ಗೆರೆಯಷ್ಟೇ ನೋಡಿದ್ದ. ಈಗ ಎದುರಿಗೇ ಇತ್ತು, ಯಾವ ಕರುಣೆಯೂ ಇಲ್ಲದೆ.

"ಕೇಳಿ," ಅವಳು ಧ್ವನಿ ತಗ್ಗಿಸಿದಳು. ತಗ್ಗಿದ ಧ್ವನಿಗೆ ಇನ್ನೂ ಹೆಚ್ಚು ಹೆದರಬೇಕಿತ್ತು. "ಸಾಯಂಕಾಲ ಈ ಯಂತ್ರ ವಾಪಸ್ ಹೋಗ್ತದೆ. ಡ್ರೈವರ್‌ಗಳ ಗುಂಪಿನಲ್ಲಿ ಒಬ್ಬರು ಕಡಿಮೆ. ನೀವು ಸರಿಯಾಗಿ ಒತ್ತದಿದ್ರೆ ನನ್ನ ಥೀಸಿಸ್ ಈ ವರ್ಷ ಇಲ್ಲ. ಅಷ್ಟೆ. ಹೇಡಿಯ ಹಾಗೆ ಕಾಯುದಾದ್ರೆ ಈಗ್ಲೇ ಎದ್ದು ಹೋಗಿ."

ಹೇಡಿ ಎಂಬುದು ಅವನಿಗೆ ನಾಟಿತು.

"ಹಾಕಿ," ಎಂದ.

ಬಾಣ. ಒತ್ತಿದ. ಬಾಣ. ಒತ್ತಿದ. ಬೀಪ್, ಆದರೂ ಒತ್ತಿದ. ಬೆವರು ಕಿವಿಯ ಹಿಂದೆ ಇಳಿಯಿತು.

"ಇನ್ನೂ ಬೇಗ!"

"ಒತ್ತುತ್ತಾ ಇದ್ದೇನಲ್ಲ!"

"ಯೋಚನೆ ಮಾಡ್ಬೇಡಿ!"

ಬೀಪ್. ತಪ್ಪಿದ. ಬಾಣ. ಒತ್ತಿದ. ಬೀಪ್. ಈ ಸಲ ಬೆರಳು ಗಾಳಿಯಲ್ಲೇ ನಿಂತಿತು. ಮತ್ತೆ ಬಾಣ, ಮತ್ತೆ ಬಾಣ. ಅವನೊಳಗೆ ಸದಾ ತೂಗುತ್ತಿದ್ದ ಪಾದ ಎಲ್ಲೋ ಜಾರಿಹೋಯಿತು.

"ನಂಗೆ ನೀವೆಂದ್ರೆ ಇಷ್ಟ ಉಂಟು," ಎಂದ, ಪರದೆಯಿಂದ ಕಣ್ಣು ತೆಗೆಯದೆ. "ಮದುವೆ ಆಗುವಷ್ಟು."

ಬೀಪ್.

"ಮಾತಾಡ್ಬೇಡಿ," ಎಂದಳು ಸಮನ್ವಿತಾ. ಅವಳ ಕುತ್ತಿಗೆಯವರೆಗೂ ಕೆಂಪೇರಿತ್ತು. "ಒತ್ತಿ."

ಮುಗಿಯುವವರೆಗೆ ಅವನು ಒತ್ತಿದ.

ಅವಳು ಅಂಕಿಗಳನ್ನು ತೆರೆದು ನೋಡಿದಳು. ಗೆದ್ದದ್ದು, ತಪ್ಪಿದ್ದು ಬಹುತೇಕ ಸಮ. ಲೆಕ್ಕ ಸಿಕ್ಕಿತ್ತು. ಅವಳು ಥ್ಯಾಂಕ್ಸ್ ಹೇಳಲಿಲ್ಲ. ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು.

ಗಿರಿಧರ ಎದ್ದು ನಿಂತ. ಮುಖ ಬಿಳುಚಿತ್ತು.

"ಡಾಕ್ಟ್ರೆ, ಅದು... ಅವಸರದಲ್ಲಿ ಬಾಯಿಗೆ ಬಂದದ್ದು. ನೀವೇ ಯೋಚನೆ ಮಾಡ್ಬೇಡಿ ಅಂದ್ರಲ್ಲ. ಕೋಪ ಮಾಡ್ಕೊಳ್ಬೇಡಿ. ಹೇಳಿದ್ದನ್ನು ವಾಪಸ್ ತಕೊಳ್ತೇನೆ, ಆಯ್ತಾ? ನಾನು ಎಂತದೂ ಹೇಳಿಯೇ ಇಲ್ಲ ಅಂತ ಮಾಡುವ."

ಅವಳು ಹೋಗಿ ಬಾಗಿಲಿಗೆ ಅಡ್ಡ ನಿಂತಳು. ಕಣ್ಣುಗಳಲ್ಲಿ ಅದೇ ಸಿಟ್ಟು.

"ಇಲ್ಲ," ಎಂದಳು. "ವಾಪಸ್ ಕೊಡುದಿಲ್ಲ."