ಮಿಸ್ ಕೇತಕಿಯ ತುಟಿಯ ದಾರ

“ಒಯ್ಯೂದಾದ್ರ ಒಯ್ಯವಾ. ಆದ್ರ ಆ ದಾರಕ್ಕ ಎಂಜಲಾ ಮುಟ್ಟಿಸಬ್ಯಾಡ. ಮಾಟ ಆ ಬಾಯಿಗೆ ಹತ್ತತದ.”

ಕಲ್ಲವ್ವಜ್ಜಿ ಎರಡನೆಯ ಸಲ ಹೇಳಿದಾಗ ನೀತಾಳಿಗೆ ನಗು ತಡೆಯಲಾಗಲಿಲ್ಲ. ಪುಣೆಯ ಬಿಬವೇವಾಡಿಯಲ್ಲಿ ಅಜ್ಜಿಯ ಆ ಒಂಟಿ ಕೋಣೆಯಲ್ಲಿ ಲೋಬಾನದ ಹೊಗೆಯೂ ಟ್ರಂಕಿನ ತುಕ್ಕೂ ಬೆರೆತ ವಾಸನೆ. ನೀತಾಳ ಅಂಗೈಯಲ್ಲಿ, ಅಜ್ಜಿ ಆ ಟ್ರಂಕಿನಿಂದ ತೆಗೆದುಕೊಟ್ಟ, ಮೂಕಿ ಸಿನಿಮಾದ ನಟಿ ಮಿಸ್ ಕೇತಕಿಯ ಪೋಸ್ಟ್‌ಕಾರ್ಡು. ಬಾಗಿದ ಹುಬ್ಬು, ಕೈಯಿಂದ ಬಳಿದ ಗುಲಾಬಿ ಕೆನ್ನೆ. ತುಟಿಯ ಮೇಲೆ ಮಾತ್ರ ಕರಿದಾರದ ಏಳು ಹೊಲಿಗೆ.

“ಮಾತಾಡೋ ಸಿನಿಮಾ ಬಂತು. ಅದ್ರಾಗೂ ಈಕಿಗೆ ಪಾರ್ಟು ಸಿಗಬಾರದಂತ ಇನ್ನೊಬ್ಬ ನಟಿ ಬಂದು, ಮಾಟ ಮಾಡ್ತಿದ್ದ ನಮ್ಮ ಆಯಿ ಕಡೆಯಿಂದ ದಾರ ಮಂತ್ರಿಸಿಕೊಂಡು, ತಾನ ಕೂತು ಈ ಕಾರ್ಡಿನ ತುಟಿ ಹೊಲಿದ್ಲು. ಈಕಿ ಸಾಯೂತನಕ ಮಾತಾಡ್ಲಿಲ್ಲ.”

“ಮೂಕಿ ಸಿನಿಮಾದಾಕಿ ಮಾತಾಡಿದ್ರೇನು, ಬಿಟ್ರೇನು ಅಜ್ಜಿ? ನನ್ನ ಬಾಯಿ ಹೊಲ್ಯಾಕಂತೂ ಯಾರಿಂದಲೂ ಆಗೂದಿಲ್ಲ ಬಿಡ್ರಿ!”

ಬಾಯಿಯೇ ಅವಳ ಅನ್ನ. ಬೆಳಗಾವಿಯಿಂದ ಪುಣೆಗೆ ಬಂದು ಮೂರು ತಿಂಗಳು. ಮಕ್ಕಳ ಕಾರ್ಟೂನಿನ ಮೊಲದ ಮರಿಗೆ ಕನ್ನಡದಲ್ಲಿ ದನಿ ಕೊಡುತ್ತಿದ್ದಳು. ಹಳೆಯ ನಟಿಯರ ಕಾರ್ಡು ಕೂಡಿಸುವುದು ಅವಳ ಹುಚ್ಚು.

ಮನೆಗೆ ಬಂದವಳೇ ಆಲ್ಬಮ್ಮಿಗೆ ಸೇರಿಸಲೆಂದು ಕಾರ್ಡನ್ನು ಹಸನು ಮಾಡಲು ಕೂತಳು. ಆರು ಹೊಲಿಗೆ ಸೂಜಿಯ ಮೊನೆಗೆ ಸಡಿಲಾಗಿ ಬಿಚ್ಚಿಕೊಂಡವು. ಏಳನೆಯದರ ಗಂಟು ಜಗ್ಗಲಿಲ್ಲ. ರವಿಕೆಗೆ ಹುಕ್ಕು ಹಚ್ಚುವಾಗ ಮಾಡುವಂತೆ, ಮೈಮರೆತು ಹಲ್ಲಿನಿಂದ ಕಡಿದಳು.

ದಾರ ತಟ್ಟೆಂದು ಹರಿಯಿತು. ನಾಲಿಗೆಯ ಮೇಲೆ ಬೂದಿಯ ರುಚಿ.

ಮರುದಿನ ಸ್ಟುಡಿಯೋದ ಗಾಳಿಯಾಡದ ಕತ್ತಲೆ ಗೂಡಿನಲ್ಲಿ ಪರದೆಯ ಮೊಲ ಬಾಯಿ ತೆರೆಯಿತು. ನೀತಾಳೂ ತೆರೆದಳು.

“ಮೈಕ್ ಚಾಲೂ ಅದ. ಯಾಕ ಸುಮ್ನಿದ್ದೀ?” ಹೆಡ್‌ಫೋನಿನಲ್ಲಿ ರೆಕಾರ್ಡಿಂಗಿನ ಸದಾನಂದ ಕೇಳಿದ.

ಅವಳು ಕೂಗಿದಳು. ಕುತ್ತಿಗೆಯ ನರ ಉಬ್ಬಿದವು. ದನಿಯಿಲ್ಲ. ಕಿವಿಯಲ್ಲಿ ಒಂದೇ ಸದ್ದು. ದಪ್ಪ ಕಾಗದದೊಳಗಿಂದ ದಾರ ಎಳೆದಂತೆ. ಸರ್ರ್. ಸರ್ರ್. ಒಂದೊಂದು ಎಳೆತಕ್ಕೂ ತುಟಿಗೆ ಸೂಜಿ ಚುಚ್ಚುತ್ತಿತ್ತು.

“ಮನೀಗೆ ಹೋಗಿ ಔಷಧ ತಗೋ,” ಎಂದ ಸದಾನಂದ. “ನಾಳೆ ದನಿ ಬರಲಿಲ್ಲಂದ್ರ ಬ್ಯಾರೆಯವರನ್ನ ಕರೀತಾರ ನೋಡು.”

ರಿಕ್ಷಾ ಹಿಡಿದು, ಮನೆಯಿಂದ ದಾರ ತಂದು, ಕಲ್ಲವ್ವಜ್ಜಿಯ ಮುಂದಿಟ್ಟಳು. ಕೌದಿ ಹೊಲಿಯುತ್ತಿದ್ದ ಅಜ್ಜಿಯ ಕೈ ನಿಂತಿತು.

“ಎಂಜಲಾ ಮಾಡಿದಿ ಹೌದಲ್ಲ?”

ನೀತಾ ಅಜ್ಜಿಯ ಕಾಲು ಹಿಡಿದುಕೊಂಡಳು.

“ಬಿಡು, ಬಿಡು. ಇದ ದಾರದಿಂದ ಜೀವಂತ ಇದ್ದವರ ಫೋಟೋದ ತುಟಿ ಹೊಲೀಬೇಕು. ಅವರ ಬಾಯಿ ಕಟ್ತದ, ನಿಂದು ಬಿಚ್ತದ. ಅಂಥಾ ಪಾಪ ಯಾರಿಗೆ ಬೇಕಾಗ್ಯದ? ಆದ್ರ ಇನ್ನೂ ಒಂದು ಮಾತದ…”

ನೀತಾ ಕೇಳಿಸಿಕೊಳ್ಳಲಿಲ್ಲ. ಕನ್ನಡಿಯ ಅಂಚಿಗೆ ಅಜ್ಜಿಯದೇ ಫೋಟೋ ಸಿಕ್ಕಿಸಿತ್ತು, ಪಿಂಚಣಿಗೆಂದು ತೆಗೆಸಿದ್ದು. ಕಿತ್ತುಕೊಂಡಳು. ಕೌದಿಯ ಸೂಜಿ ಎಳೆದುಕೊಂಡಳು. ದಾರ ಪೋಣಿಸಿದಳು.

“ಏ ಹುಚ್ಚಿ! ತಡಿ! ಪೂರ್ತಿ ಕೇಳು!”

ಒಂದು. ಎರಡು. ಅಜ್ಜಿ ರಟ್ಟೆ ಹಿಡಿದು ಜಗ್ಗಿದಳು. ನೀತಾ ನೂಕಿದಳು. ಮೂರು. ನಾಲ್ಕು. ಐದು.

“ಹೊಲಿದಾಕಿಗೆ ತನ್ನ ದನಿ ಬರೂದಿಲ್ಲವಾ! ಬರೂದು…”

ಆರು. ಏಳು. ಜಗ್ಗಿ ಗಂಟು ಹಾಕಿದಳು.

ಮಾತು ಅಲ್ಲೇ ತುಂಡಾಯಿತು. ಅಜ್ಜಿಯ ಬಾಯಿ ತೆರೆಯಿತು, ಮುಚ್ಚಿತು. ಸದ್ದಿಲ್ಲ. ನೀತಾಳ ಗಂಟಲಿನಲ್ಲಿ ಬಿಸಿಯಾಗಿ ಏನೋ ಸಡಿಲಾಯಿತು.

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಸದಾನಂದ.

“ಹಲೋ! ದನಿ ಬಂತು! ನಾಳೆ ಬರ್ತೀನಿ!” ಎಂದಳು ನೀತಾ, ಅಳುತ್ತ, ನಗುತ್ತ.

ಗೋಡೆಗೆ ಆತು ಕೂತಿದ್ದ ಕಲ್ಲವ್ವ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು.

ಆಚೆಯಿಂದ ಸದಾನಂದ ತಗ್ಗಿದ ದನಿಯಲ್ಲಿ, ಮರ್ಯಾದೆಯಿಂದ ಹೇಳಿದ:

“ಅಜ್ಜೀ, ಸ್ವಲ್ಪ ನೀತಾಗ ಫೋನ್ ಕೊಡ್ರಿ.”